ಬೆಳ್ಳಕ್ಕಿ ಕೆರೆಯ ತಟ್ಟಿ

ಬೆಳಗಿನಿಂದ ಮಾನಪ್ಪ ಕೋಡಿಯ ನೀರಿನಲ್ಲಿ ಎದೆಮಟ ನಿಂತು ಬಿದಿರು ತಟ್ಟಿಯ ಗಂಟು ಬಿಚ್ಚುತ್ತಿದ್ದ. ಒಂದೂ ಬಿಚ್ಚಿರಲಿಲ್ಲ. ಅದು ಯಾಕೆ ಬಿಚ್ಚುತ್ತಿಲ್ಲ ಎಂದು ಪಕ್ಕದ ಕಲ್ಲುಗೋಡೆಯ ಮೇಲೆ ನಿಂತ ಅವನ ಹೆಂಡತಿ ಹಣಮಂತಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಕಟ್ಟಿದವಳು ಅವಳೇ.

ದೋರನಹಳ್ಳಿಯ ಆಚೆಗಿದ್ದ ಆ ಸಣ್ಣ ಕೆರೆಗೆ ಜನ ಬೆಳ್ಳಕ್ಕಿ ಕೆರೆ ಅನ್ನುತ್ತಿದ್ದರು. ಮಳೆಗಾಲ ಬಂತೆಂದರೆ ನೀರಿನ ನಡುವಿನ ಜಾಲಿ ಗಿಡಗಳಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟಿ ಮರಿ ಮಾಡುತ್ತಿದ್ದವು. ಮರಿಗೆ ಮೀನು ಬೇಕು. ಅದಕ್ಕೆ ಜಾಗೀರದಾರರ ಹುಕುಂ ಆಗಿತ್ತು: ಮಳೆಗಾಲ ಮುಗಿಯುವ ತನಕ ಯಾರೂ ಬಲೆ ಬೀಸಬಾರದು, ಗಿಡ ಕಡಿಯಬಾರದು, ಮೀನು ಕೆರೆ ಬಿಟ್ಟು ಹೋಗಬಾರದು. ಹಕ್ಕಿಗಳ ಮೇಲೆ ಅವರಿಗೆ ಅಷ್ಟು ಪ್ರೀತಿ. ಚಳಿಗಾಲದಲ್ಲಿ ಹೈದರಾಬಾದಿನ ಮೆಹಮಾನರು ಬಂದೂಕು ಸಮೇತ ಯಾದಗಿರಿ ಸ್ಟೇಷನ್ನಿನಲ್ಲಿ ಇಳಿಯುವವರೆಗೂ ಆ ಪ್ರೀತಿ ಇರುತ್ತಿತ್ತು.

ಕೆರೆ ಕಾಯುವುದು ಮಾನಪ್ಪನ ಮನೆತನದ ಕೆಲಸ. ತತ್ತಿ ತುಂಬಿದ ಮೀನುಗಳು ಹರಿಯುವ ನೀರಿನ ಬೆನ್ನು ಹತ್ತಿ ಹೊರಟುಬಿಡುತ್ತವೆ. ಅದಕ್ಕೇ ಕೆರೆಯ ಹೆಚ್ಚಿನ ನೀರು ಹೊರಬೀಳುವ ಕೋಡಿಗೆ ವರ್ಷವರ್ಷವೂ ಅಡ್ಡಲಾಗಿ ತಟ್ಟಿ ಕಟ್ಟುತ್ತಿದ್ದರು. ಹೆಣೆದು ಕಟ್ಟುವುದು ಹೆಂಗಸರ ಪಾಲಿಗೆ. ಗಂಗಮ್ಮನ ಹೆಸರು ಹೇಳಿ ಅರಿಷಿಣ ಹಚ್ಚಿದರೆ ಮುಗಿಯಿತು, ಮಳೆಗಾಲ ಕಳೆಯುವ ತನಕ ಆ ತಟ್ಟಿಗೆ ಕಬ್ಬಿಣ ಮುಟ್ಟಿಸುವಂತಿಲ್ಲ. ಬಿಚ್ಚುವುದಿದ್ದರೆ ಬರಿಗೈಯಿಂದ ಬಿಚ್ಚಬೇಕು. ಹಿಂದಿನ ವರ್ಷ ಒಂದಷ್ಟು ಮೀನು ನುಸುಳಿ ಹೋಗಿ ಮಾನಪ್ಪ ಜಾಗೀರದಾರರ ದೇವಡಿಯಲ್ಲಿ ಎಲ್ಲರೆದುರು ಬೈಸಿಕೊಂಡು ಬಂದಿದ್ದ. ಈ ಸಲ ಹಣಮಂತಮ್ಮ ಹಟಕ್ಕೆ ಬಿದ್ದು, ಬಿದಿರನ್ನು ಒತ್ತೊತ್ತಾಗಿ ಹೆಣೆದು, ಪುಂಡಿನಾರಿನ ಹಗ್ಗದಿಂದ ಗಂಟಿನ ಮೇಲೆ ಗಂಟು ಬಿಗಿದಿದ್ದಳು. ನೋಡಿದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಮೀನಿಗೆ ದಾರಿಯಿಲ್ಲದಿದ್ದರೂ ನೀರಿಗೆ ಬೇಕಲ್ಲ ಎಂಬುದು ಹೊಗಳಿದವರಿಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಬಿಡದೆ ಹಿಡಿದ ಜಡಿಮಳೆ ಜೊಂಡು, ಜಾಲಿಮುಳ್ಳು, ಕಸಕಡ್ಡಿಯನ್ನೆಲ್ಲ ತಂದು ತಟ್ಟಿಗೆ ಮೆತ್ತಿತು. ಕೋಡಿ ಕಟ್ಟಿಹೋಯಿತು. ನೆನೆದು ಉಬ್ಬಿದ ಗಂಟುಗಳು ಕಲ್ಲಾದವು. ಕೆರೆ ಏರುತ್ತಲೇ ಇತ್ತು.

“ಒಡ್ಡಿನ ಮ್ಯಾಲ ನೀರು ಜಾರಾಕತ್ತೈತ್ರಿ!” ಹಣಮಂತಮ್ಮ ಕೂಗಿದಳು.

ಮಣ್ಣಿನ ಒಡ್ಡು ನಡುವೆ ಕುಸಿದಿದ್ದ ಕಡೆ ನೀರು ತೆಳ್ಳಗೆ ಆಚೆ ಇಳಿಯುತ್ತಿತ್ತು. ಒಡ್ಡಿನ ಕೆಳಗೇ ಹಟ್ಟಿ. ಹಟ್ಟಿಯಲ್ಲಿ ಅವಳ ಮಗಳು ಮೌನಮ್ಮ, ಹಸಿ ಬಾಣಂತಿ. ಮಳೆಗೆ ತವರಿನ ಗುಡಿಸಲು ಸೋರುತ್ತಿದ್ದುದರಿಂದ ಕರೆತರಲು ಆಗದೆ ಗಂಡನ ಮನೆಯಲ್ಲೇ ಹೆರಿಗೆಯಾಗಿತ್ತು. ಒಡ್ಡು ಒಡೆದರೆ ಕೂಸು ಎತ್ತಿಕೊಂಡು ಅವಳು ಓಡುವುದೆಲ್ಲಿಗೆ?

“ಕುಡುಗೋಲು ತರ್ತೀನಿ,” ಅಂದಳು ಹಣಮಂತಮ್ಮ.

“ತಂದೀದಿ ಅಂದ್ರ ನೋಡು!” ಮಾನಪ್ಪ ನೀರಿನಿಂದಲೇ ಗದರಿದ. “ಗಂಗವ್ವನ ತಟ್ಟಿ ಐತಿ. ಕಬ್ಬಿಣ ಮುಟ್ಟಿಸಿದ್ರ ವಂಶ ಉಳಿಯಂಗಿಲ್ಲ.”

“ವಂಶ ಅಲ್ಲಿ ತೊಟ್ಟಿಲದಾಗ ಮಲಗೈತ್ರಿ!”

ಅವಳು ಗುಡಿಸಲಿಗೆ ಓಡಿ ಕುಡುಗೋಲು ಹಿಡಿದು ಬರುವಷ್ಟರಲ್ಲಿ ಜಾಗೀರದಾರರ ಕಾವಲಿನ ಲಾಡ್ಲೇಸಾಬ ಕೋಡಿಯ ಹತ್ತಿರ ಬಂದು ನಿಂತಿದ್ದ. ತಲೆಯ ಮೇಲೆ ಗೋಣಿಚೀಲ, ಹೆಗಲಲ್ಲಿ ಬಂದೂಕು.

“ಬ್ಯಾಡ ಹಣಮಂತಮ್ಮಾ! ದೇವಡಿ ಹುಕುಂ ಇಲ್ಲದ ತಟ್ಟಿ ತೆಗ್ಯಾಂಗಿಲ್ಲ. ಹುಕುಂ ತರಾಕ ಮಂದಿ ಕಳಿಸೀನಿ.”

“ಅಲ್ಲೀತನಾ ನೀರು ನಿಂದರತೈತೇನ್ರಿ, ಸಾಬ್ರ?”

ಅವನು ಬಂದೂಕು ಎತ್ತಿದ. ಎತ್ತಿದವನಿಗೇ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಅವಳು ಅವನ ಕಡೆ ತಿರುಗಿಯೂ ನೋಡದೆ ಗೋಡೆಯ ಮೇಲೆ ಕೂತು ಮೊದಲ ಹಗ್ಗಕ್ಕೆ ಕುಡುಗೋಲು ಹಚ್ಚಿದಳು. ಹಗ್ಗ ಹರಿಯಿತು. ತಟ್ಟಿ ಕಿರ್ರೆಂದು ಅಲುಗಿತು.

ಮಾನಪ್ಪ ಮಾತ್ರ ಇನ್ನೊಂದು ತುದಿಯನ್ನು ಎರಡೂ ಕೈಯಿಂದ ತಬ್ಬಿಕೊಂಡು ನಿಂತುಬಿಟ್ಟ. ತಟ್ಟಿ ಕಿತ್ತರೆ ಅವನೂ ಅದರ ಜೊತೆಗೇ ಹೋಗುವವನು.

“ನಿಮ್ಮ ಕಾಲಿಗೆ ಬೀಳ್ತೀನಿ, ಮ್ಯಾಲ ಬರ್ರಿ!”

ಅವನು ತಲೆಯಾಡಿಸಿದ. ಅತ್ತ ಒಡ್ಡಿನಿಂದ ಒಂದು ದೊಡ್ಡ ಮಣ್ಣುಹೆಂಟೆ ಕಳಚಿ ಹಟ್ಟಿಯ ಕಡೆ ಉರುಳಿತು. ಆ ಗಳಿಗೆಯಲ್ಲಿ ಗಂಡನ ಮೇಲೆ ಬಂದಷ್ಟು ಸಿಟ್ಟು ಹಣಮಂತಮ್ಮನಿಗೆ ಹುಟ್ಟಿದಂದಿನಿಂದ ಯಾರ ಮೇಲೂ ಬಂದಿರಲಿಲ್ಲ. ಅಳುತ್ತ, ಬಾಯಿಗೆ ಬಂದಂತೆ ಬೈಯುತ್ತ, ಉಳಿದ ಹಗ್ಗಗಳನ್ನೂ ಅವಳು ಕೊಯ್ದೇಬಿಟ್ಟಳು.

ತಟ್ಟಿ ಬಾಗಿಲಿನಂತೆ ತೆರೆದುಕೊಂಡಿತು. ಲಾಡ್ಲೇಸಾಬ ಬಂದೂಕು ಬಿಸಾಕಿ, ಕಲ್ಲಿನ ಮೇಲೆ ಬೋರಲು ಬಿದ್ದು, ಮಾನಪ್ಪನ ರಟ್ಟೆ ಹಿಡಿದ. ಹಣಮಂತಮ್ಮ ಇನ್ನೊಂದು ರಟ್ಟೆ ಹಿಡಿದಳು. ಇಬ್ಬರೂ ಸೇರಿ ಎಳೆದು ಅವನನ್ನು ಗೋಡೆಯ ಮೇಲೆ ಕೆಡವಿದರು. ಅವರ ಕಣ್ಣೆದುರೇ ಹೊಟ್ಟೆ ಉಬ್ಬಿದ ಮೀನುಗಳು ನೀರಿನೊಡನೆ ದಬದಬನೆ ಹೊರಬಿದ್ದು ಹೋದವು. ಜಾಲಿ ಗಿಡಗಳಲ್ಲಿ ಹಕ್ಕಿಗಳು ಒಂದೇ ಸಮ ಕಿರುಚುತ್ತಿದ್ದವು. ಸ್ವಲ್ಪ ಹೊತ್ತಿಗೆ ಒಡ್ಡಿನ ಮೇಲೆ ನೀರು ಜಾರುವುದು ನಿಂತಿತು.

ಲಾಡ್ಲೇಸಾಬ ಮೋರೆ ಒರೆಸಿಕೊಂಡ. “ದೇವಡಿಯಾಗ ಕೇಳ್ತಾರ. ಯಾರು ಕಡದ್ರು ಅಂತ ಹೇಳ್ಲಿ?”

“ನಾನ ಕಡದೀನಿ ಅಂತ ಹೇಳ್ರಿ,” ಅಂದ ಮಾನಪ್ಪ. ಅವನ ಹಲ್ಲು ಕಟಕಟಿಸುತ್ತಿದ್ದವು.

ಹಣಮಂತಮ್ಮ ಗಂಡನ ಮುಖ ನೋಡಿದಳು. ಕಬ್ಬಿಣ ಮುಟ್ಟಿಸುವುದಕ್ಕಿಂತ ಸಾಯುವುದೇ ಲೇಸೆಂದು ಈಗಷ್ಟೇ ತಟ್ಟಿ ತಬ್ಬಿದ್ದವನು ಇವನು. ಅವಳ ಸಿಟ್ಟೆಲ್ಲ ಇಳಿದುಹೋಯಿತು.

“ಸುಳ್ಳು ಹೇಳಬ್ಯಾಡ್ರಿ. ಕಟ್ಟಿದಾಕಿನೂ ನಾನ, ಕಡದಾಕಿನೂ ನಾನ. ನಡೀರಿ ಸಾಬ್ರ.”

ದೇವಡಿಯ ದಾರಿ ಹಟ್ಟಿಯ ನಡುವೆಯೇ ಹಾಯುತ್ತಿತ್ತು. ಕೋಡಿಯ ನೀರು ಹರಿಯುವ ಹಳ್ಳ ಹಟ್ಟಿಯ ಅಂಚಿಗೇ ಇತ್ತು; ಅದರಲ್ಲಿ ಹಟ್ಟಿಯವರೆಲ್ಲ ಬುಟ್ಟಿ, ಕೊಡ, ಸೆರಗು, ಸಿಕ್ಕಿದ್ದರಲ್ಲಿ ಮೀನು ತುಂಬುತ್ತ ನಗುತ್ತಿದ್ದರು. ಯಾರಿಗೂ ಏನೂ ಗೊತ್ತಿರಲಿಲ್ಲ.

“ನಿಮ್ಮ ಕೆರಿ ಮೀನು ನಮ್ಮ ಬಾಗಲಕ್ಕ ಬಂದಾವ ನೋಡ್ರಿ, ಬೀಗತಿ!” ಮೌನಮ್ಮನ ಅತ್ತೆ ಕೂಗಿ ಹೇಳಿದಳು.

ಲಾಡ್ಲೇಸಾಬ ಬೇರೆ ಕಡೆ ಮುಖ ತಿರುಗಿಸಿದ. “ಲಗೂನ ನೋಡಿ ಬಾ.”

ಒಳಗೆ ಕೂಸು ಮಲಗಿತ್ತು. ಹಣಮಂತಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿ ಅದರ ಪಾದ ಮುಟ್ಟಿದಳು. ಬೆಚ್ಚಗಿತ್ತು. ಮೌನಮ್ಮ ಕಣ್ಣು ಬಿಟ್ಟಳು.

“ಅವ್ವಾ, ಯಾವಾಗ ಬಂದಿ? ತತ್ತಿ ಮೀನಿನ ಸಾರು ಕುದ್ಯಾಕತ್ತೈತಿ. ಉಂಡ ಹೋಗು.”

ಹೊರಗೆ ಲಾಡ್ಲೇಸಾಬ ಕೆಮ್ಮಿದ.

“ಬಂದು ಉಣ್ತೀನವ್ವಾ,” ಅಂದು ಹಣಮಂತಮ್ಮ ಎದ್ದಳು.