ಕ್ಯಾಂಡಿಡೇಟ್ ಎಂದರೆ ಬಿಳಿ ಬಟ್ಟೆಯವನು

ಬಿಟಿಎಂ ಲೇಔಟಿನ ಆ ಮಹಡಿ ರೂಮಿನಲ್ಲಿ ರಾಯಚೂರು ಕಡೆಯ ಮೂವರಿದ್ದರು: ಗುರುಸಿದ್ದ, ತಿಪ್ಪಣ್ಣ, ಚನ್ನವೀರ. ಇಂಟರ್‌ವ್ಯೂಗೆ ಹಾಕಿಕೊಳ್ಳುವಂಥ ಬಿಳಿ ಅಂಗಿ ಮಾತ್ರ ಒಂದೇ. ೨೦೦೨ರಲ್ಲಿ ಕೆಲಸ ಸಿಗುವುದು ಅಷ್ಟು ಸುಲಭವಿರಲಿಲ್ಲ ನೋಡಿ. ಅಂಗಿ ಮೊದಲು ಯಾರದೆಂಬುದು ಅವರಿಗೇ ಮರೆತುಹೋಗಿತ್ತು. ಹಾಕಿಕೊಂಡು ಹೋದವನು ಬಂದ ಕೂಡಲೇ ಒಗೆದು, ನೀಲಿ ಹಾಕಿ, ಒಣಗಿಸಿ ಮುಂದಿನವನ ಕೈಗೇ ಕೊಡಬೇಕು. ಮೊಳೆಗೆ ನೇತುಹಾಕಿ ಸುಮ್ಮನಾಗುವಂತಿಲ್ಲ. ರೂಮಿನ ಕಾನೂನು ಅದು.

ಗುರುಸಿದ್ದನಿಗೆ ಡಿಕ್ಷನರಿ ಓದುವ ಹುಚ್ಚು. ಕ್ಯಾಂಡಿಡೇಟ್ ಎಂಬ ಮಾತು ಲ್ಯಾಟಿನ್ನಿನದು, ಅದರ ಬೇರು ಕ್ಯಾಂಡಿಡಸ್, ಅಂದರೆ ಹೊಳೆಯುವ ಬಿಳುಪು ಎಂದು ಒಂದು ದಿನ ಓದಿ ಹೇಳಿದ. ಹಿಂದೆ ರೋಮಿನಲ್ಲಿ ಪದವಿಗೆ ನಿಲ್ಲುವವರು ಉಡುವ ಬಟ್ಟೆಗೆ ಸೀಮೆಸುಣ್ಣ ತಿಕ್ಕಿ ಬೆಳ್ಳಗಾಗಿಸಿ, ಜನರ ಮಧ್ಯೆ ಓಡಾಡಿ ವೋಟು ಕೇಳುತ್ತಿದ್ದರಂತೆ.

ತಿಪ್ಪಣ್ಣ ಅಂಗಿಯನ್ನೇ ನೋಡುತ್ತಾ ಹೇಳಿದ: "ಹಂಗಾದ್ರ ನಾವು ಮೂರೂ ಮಂದಿ ಕೂಡಿ ಒಬ್ಬ ಕ್ಯಾಂಡಿಡೇಟ್ ನೋಡೋ."

ಮೊದಲು ಗುರುಸಿದ್ದನಿಗೆ ಹೈದರಾಬಾದಿನಲ್ಲಿ ಕೆಲಸವಾಯಿತು. ಆಮೇಲೆ ತಿಪ್ಪಣ್ಣನಿಗೆ ಪುಣೆಯಲ್ಲಿ. ಹೊರಡುವಾಗ ತಿಪ್ಪಣ್ಣ ಅಂಗಿಯನ್ನು ಚನ್ನವೀರನ ಕೈಗಿಟ್ಟು, ಇನ್ನು ನೀನೊಬ್ಬನೇ ಪೂರ್ತಿ ಕ್ಯಾಂಡಿಡೇಟಪ್ಪ ಎಂದು ನಕ್ಕ.

ಪೂರ್ತಿಯಾಗುವುದು ಇಷ್ಟು ಕಷ್ಟವೆಂದು ಚನ್ನವೀರನಿಗೆ ಗೊತ್ತಿರಲಿಲ್ಲ. ಕೆಲಸ ಸಿಗದಿದ್ದರೆ ಊರಿಗೆ ವಾಪಸ್ಸು. ಅದಕ್ಕವನು ಅಷ್ಟು ಹೆದರಲಿಲ್ಲ. ಕೆಲಸ ಸಿಕ್ಕಿದರೆ ದಿನಾ ಬಂದು ಸೇರಬೇಕಾದ ಆ ಮಾತಿಲ್ಲದ ರೂಮಿಗೆ ಹೆದರಿದ. ಹಸಿವಿಲ್ಲದಿದ್ದರೂ ಖಾನಾವಳಿಗೆ ಹೋಗಿ ಕೂರುತ್ತಿದ್ದ, ನಾಲ್ಕು ಜನರ ದನಿ ಕಿವಿಗೆ ಬೀಳಲಿ ಎಂದು.

ಜಯನಗರದ ಒಂದು ಕೊರಿಯರ್ ಆಫೀಸಿನಿಂದ ಕರೆ ಬಂತು. ಬೆಂಚಿನ ತುಂಬ ಬಿಳಿ ಅಂಗಿಗಳೇ. ಪಕ್ಕದವನಿಗೆ ರೋಮಿನ ಕಥೆ ಹೇಳೋಣವೆಂದು ಬಾಯಿ ತೆರೆದ. "ಆಮೇಲೆ ಬಾಸ್, ಓದ್ಕೋತಾ ಇದೀನಿ," ಎಂದ ಅವನು.

ಕೆಲಸವಾಯಿತು.

ರೂಮಿಗೆ ಬಂದವನೇ ಅಂಗಿ ಒಗೆದು ನೀಲಿ ಹಾಕಿದ. ಸಂಜೆಯೊಳಗೆ ಒಣಗಿತು. ಮಡಿಸಿದ; ಕೈಗೆ ಕೊಡಲು ಮುಂದಿನವನಿಲ್ಲ. ಆಮೇಲೆ ಕೆಳಗಿಳಿದು, ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಓನರ್ ಯಲ್ಲಮ್ಮನಿಗೆ ಕೆಲಸ ಸಿಕ್ಕಿದ ಸುದ್ದಿ ಹೇಳಿದ.

"ಆಂಟಿ, ರೂಮು ಕೇಳ್ಕೊಂಡು ಯಾರರ ಬಂದ್ರ ನನ್ ಜೋಡಿ ಹಾಕ್ರಿ. ಕೆಲಸ ಇಲ್ಲದವ ಇರ್ಲಿ."

"ಕೆಲ್ಸ ಇಲ್ದಿರೋನಾ? ಬಾಡಿಗೆ ಯಾರಪ್ಪ ಕೊಡ್ತಾರೆ?"

"ಅವಗ ಸಿಗೂತನಕ ನಾನ ಕೊಡ್ತೀನ್ರಿ."

ಯಲ್ಲಮ್ಮ ಸೊಪ್ಪು ಬಿಟ್ಟು ಅವನ ಮುಖ ನೋಡಿದರು. "ನಿಮ್ ಕಡೆಯವ್ನೇ ಆಗ್ಬೇಕಾ?"

"ಯಾವ ಕಡಿಯವನರ ನಡೀತದ. ಅಂಗಿ ಸೈಜು ಮೂವತ್ತೆಂಟು ಇದ್ರ ಸಾಕ್ರಿ."