ಖಾಲಿ ಬಿಟ್ಟ ಕಾಲಂ

ಹೆಂಗಸು ಹಲ್ಲನ್ನು ತಂದು ಕೀಬೋರ್ಡಿನ ಪಕ್ಕದಲ್ಲಿಟ್ಟಳು. ಕರವಸ್ತ್ರ ಬಿಚ್ಚಿ, ಬೇರು ಕಾಣುವ ಹಾಗೆ. ದವಡೆ ಹಲ್ಲು.

"ಹಲ್ಲಿನ ಡಾಕ್ಟರು ಎದುರಿನ ಕಟ್ಟಡ," ಎಂದ ಜೆನಿಶ್.

"ಅಲ್ಲಿಗೆ ಹೋಗ್ತೀನಿ ಅಂತ ಹೇಳೇ ಮನೆ ಬಿಟ್ಟಿದ್ದು ಅಣ್ಣಾ. ಮಾರ್ಚಲ್ಲಿ ನಿಮ್ಮೋರು ಬಂದು ಎಲ್ಲಾ ಬರ್ಕೊಂಡ್ರು. ವ್ಯಾನ್ ಬರತ್ತೆ, ನಿನ್ನನ್ನೂ ಮಗೂನೂ ಕರ್ಕೊಂಡ್ ಹೋಗತ್ತೆ ಅಂದ್ರು. ಈಗ ಸೆಪ್ಟೆಂಬರ್."

ಕುಡಿತದಿಂದ ಕೆಟ್ಟ ಮನೆಗಳವರಿಗೆಂದು ತೆರೆದ ಕೇಂದ್ರ ಅದು. ಆರು ಹಾಸಿಗೆ, ಒಂದು ವ್ಯಾನು. ವ್ಯಾನು ಯಾರ ಮನೆಗೆ ಹೋಗಬೇಕೆಂದು ಹೇಳುವುದು ಜೆನಿಶನ ಪಟ್ಟಿ. ಒಂಬೈನೂರು ಮನೆಗಳ ಉತ್ತರಗಳನ್ನು ಕಂಪ್ಯೂಟರಿಗೆ ತುಂಬಿ, ಪ್ರತಿ ಮನೆಯ ಅಪಾಯಕ್ಕೆ ನೂರಕ್ಕಿಷ್ಟು ಎಂದು ಅಂಕ ಹಾಕುವುದು ಅವನ ಕೆಲಸ. ಮೊದಲು ಹಾಸಿಗೆ ಗುರುತಿನವರಿಗೆ ಸಿಗುತ್ತಿತ್ತು, ಇಲ್ಲವೇ ಜೋರಾಗಿ ಅಳುವವರಿಗೆ. ಈಗ ಅಂಕಕ್ಕೆ ಸಿಗುತ್ತದೆ. ಇದನ್ನು ಅವನು ರಾಜಧಾನಿ ಬಿಷ್ಕೆಕ್‌ನ ಸಭೆಗಳಲ್ಲಿ ಎರಡು ಸಲ ಹೇಳಿ ಚಪ್ಪಾಳೆ ಗಿಟ್ಟಿಸಿದ್ದ.

ಪರದೆಯಲ್ಲಿ ಅವಳ ವಿವರ ಬಂತು. ಹೆಸರು ಬುರುಲ್. ವಯಸ್ಸು ಇಪ್ಪತ್ತಾರು. ಗಂಡ ರಷ್ಯಾದಲ್ಲಿ ಕೂಲಿ. ಅಪಾಯ: ಹನ್ನೊಂದು. ಹಸಿರು ಬಣ್ಣ.

ಅವನು ಉತ್ತರಗಳನ್ನು ತೆರೆದ. ಮನೆಯಲ್ಲಿ ಕುಡಿತ ಉಂಟೆ? ದಿನವೂ. ಹೊಡೆತ? ದಿನವೂ. ಯಾವುದರಿಂದ? ಚಾವಟಿ. ಹೊಡೆಯುವವರ ಹೆಸರು?

ಖಾಲಿ.

"ಹೆಸರು ಯಾಕೆ ಬರೆಸಲಿಲ್ಲ?"

ಅವಳು ನೆಲ ನೋಡಿದಳು.

"ಮಾವನ ಹೆಸರು ಸೊಸೆ ಬಾಯಲ್ಲಿ ಬರತ್ತಾ ತಮ್ಮಾ?" ಬಾಗಿಲಲ್ಲಿ ನಿಂತಿದ್ದ ನರ್ಸ್ ಸಬೀರಾ ನಕ್ಕಳು. "ನೀನೇನು ಕಿರ್ಗಿಜ್ ತಾಯಿ ಹೊಟ್ಟೇಲಿ ಹುಟ್ಟಿದೋನೋ, ಕಂಪ್ಯೂಟರ್ ಹೊಟ್ಟೇಲೋ?"

ಜೆನಿಶನ ಅಪ್ಪನ ಅಪ್ಪನ ಹೆಸರು ತೆಮಿರ್. ಕಬ್ಬಿಣ ಎಂದರ್ಥ. ಅಮ್ಮ ಮೂವತ್ತು ವರ್ಷ ಕಬ್ಬಿಣದ ಸಲಿಕೆಯನ್ನೂ 'ಗಟ್ಟಿಯದು' ಎಂದೇ ಕರೆದಿದ್ದಳು. ಅಲ್ಮಾಟಿಯಲ್ಲಿ ಓದುವಾಗ ಹಾಸ್ಟೆಲಿನಲ್ಲಿ ಅದನ್ನು ಹೇಳಿ ಗೆಳೆಯರನ್ನು ನಗಿಸಿದ್ದ. ಪ್ರಶ್ನೆಪತ್ರ ಮಾಡುವಾಗ ನೆನಪಾಗಿರಲಿಲ್ಲ. ಹೆಸರು ಖಾಲಿಯಿದ್ದರೆ ಹೊಡೆಯುವವರು ಯಾರೂ ಇಲ್ಲವೆಂದು ತಿಳಿ ಎಂದು ಯಂತ್ರಕ್ಕೆ ಹೇಳಿಕೊಟ್ಟವನು ಅವನೇ.

ಹೀಗೆ ಖಾಲಿ ಬಿಟ್ಟವು ಎಷ್ಟಿವೆ ಎಂದು ಹುಡುಕಿದ. ಇನ್ನೂರ ಹದಿನಾಲ್ಕು. ಎಲ್ಲವೂ ಸೊಸೆಯಂದಿರವು. ಅವನ ವರದಿಯಲ್ಲಿ ಅವರ ಮನೆಗಳಿಗೆ 'ಸುಧಾರಿಸಿದ ಮನೆಗಳು' ಎಂಬ ತಲೆಬರಹವಿತ್ತು.

ಮನೆಯ ದಾಖಲೆಯಲ್ಲಿ ಮಾವನ ಹೆಸರು ಸಿಕ್ಕಿತು. "ಸಾಗಿನ್. ಇವನೇ ತಾನೇ?"

ಅವಳು ಕಿವಿ ಮುಚ್ಚಿಕೊಂಡಳು. "ನೀವು ಹೇಳಿದ್ದು. ನಾನಲ್ಲ."

ಅವನು ಹೆಸರು ತುಂಬಿದ. ಹನ್ನೊಂದು ತೊಂಬತ್ತನಾಲ್ಕಾಯಿತು. ಹಸಿರು ಕೆಂಪಾಯಿತು. ಯಂತ್ರಕ್ಕೆ ನಾಚಿಕೆಯೆಂಬುದಿಲ್ಲ.

ಕೇಂದ್ರದ ನಿರ್ದೇಶಕ ಮೇದೆತ್ ತನ್ನ ಕೋಣೆಯಲ್ಲಿ ಟೈ ಕಟ್ಟಿಕೊಳ್ಳುತ್ತಿದ್ದ. ಮೂರು ಗಂಟೆಗೆ ಬಿಷ್ಕೆಕ್‌ನಿಂದ ದೊಡ್ಡವರು ಬರುವವರಿದ್ದರು.

"ಹೊಡೆತ ಶೇಕಡಾ ಮೂವತ್ತೊಂದು ಇಳಿದಿದೆ ಅಂತ ಪರದೆ ಮೇಲೆ ಹಾಕಿದೀನಿ. ಈಗ ಇನ್ನೂರು ಮನೆ ಕೆಂಪು ಮಾಡ್ತೀಯಾ?"

"ಇವಳದೊಂದಾದ್ರೂ... ಒಂದು ಹಾಸಿಗೆ ಖಾಲಿ ಇದೆ."

"ಬಂದೋರಿಗೆ ಖಾಲಿ ಹಾಸಿಗೆ ತೋರಿಸ್ಬೇಕು. ನಾಳೆ ಪಟ್ಟಿ ಬದಲಾಯ್ಸು. ಐದು ವರ್ಷ ತಡ್ಕೊಂಡೋಳು ಒಂದು ದಿನ ತಡ್ಕೊಳಲ್ವಾ?"

ಜೆನಿಶ್ ಏನೋ ಹೇಳಬೇಕಿತ್ತು. "ಟೈ ಸೊಟ್ಟಗಿದೆ," ಎಂದ.

ಹೊರಗೆ ಬಂದು ಬುರುಲ್‌ಗೆ, "ಮಗು ಎಲ್ಲಿ?" ಎಂದ.

"ಮನೇಲಿ. ಅವ್ರ ಹತ್ರ."

"ನಡಿ, ಬಿಡ್ತೀನಿ." ಮಗುವಿನೊಂದಿಗೆ ವಾಪಸು ಕರೆತರುತ್ತೇನೆ ಎನ್ನಲಿಲ್ಲ. ಬರೀ ಬಿಡುತ್ತೇನೆ ಎಂದೂ ಅಂದುಕೊಳ್ಳಲಿಲ್ಲ.

ಅವನದು ಹಳೆಯ ಜಪಾನಿ ಕಾರು, ಅಲ್ಲಿನ ರಸ್ತೆಗೆ ಹೊಂದದ ಬಲಗಡೆ ಸ್ಟೇರಿಂಗು. ಅವಳು ಹಿಂದಿನ ಸೀಟಿನಲ್ಲಿ ಕೂತಳು. ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅವಳ ಊದಿದ ಕೆನ್ನೆ ಮಾತ್ರ ಕಾಣುತ್ತಿತ್ತು. ಹಲ್ಲು ಆಫೀಸಿನಲ್ಲೇ ಉಳಿದಿತ್ತು.

ಸಾಗಿನ್ ಅಂಗಳದಲ್ಲಿ ಆಲೂಗಡ್ಡೆ ಹರವುತ್ತಿದ್ದ. ಬಿಳಿ ಟೋಪಿ, ಸ್ವಚ್ಛ ಶರ್ಟು. ರಾಕ್ಷಸನನ್ನು ಕಾಣುವೆನೆಂದುಕೊಂಡಿದ್ದ ಜೆನಿಶ್‌ಗೆ ನಿರಾಸೆಯಾಯಿತು.

"ಬಾ ಮಗನೇ, ರೊಟ್ಟಿ ಮುರಿ." ಮುದುಕ ಒಳಗೆ ಕರೆದು ನೆಲದ ಮೇಲೆ ಊಟದ ಬಟ್ಟೆ ಹಾಸಿದ. ಬಾಯಿಂದ ವೋಡ್ಕಾ ವಾಸನೆ ಹೊಡೆಯಿತು. "ಹಲ್ಲಿನ ಡಾಕ್ಟರಾ ನೀನು?"

"ಅಲ್ಲ."

"ಮತ್ತೆ?"

"ಕೇಂದ್ರದವನು. ನಿಮ್ಮನೆ ವಿಷಯ..."

ಮುದುಕ ತಲೆಯಾಡಿಸಿದ. ಎದ್ದ. ಗೋಡೆಯ ಚಾವಟಿ ತೆಗೆದುಕೊಂಡು, ಚಹಾ ಸುರಿಯುತ್ತಿದ್ದ ಸೊಸೆಯ ಬೆನ್ನಿಗೆ ಬಾರಿಸಿದ. ಬಟ್ಟಲು ಉರುಳಿತು.

"ಮನೆ ಮಾತು ಬೀದೀಲಿ ಮಾರಿದ್ಯಾ? ಎಷ್ಟಕ್ಕೆ ಮಾರ್ದೆ?"

ಎರಡು. ಮೂರು. ಅವಳು ಕೂಗಲಿಲ್ಲ. ಒಲೆಯ ಹಿಂದೆ ನಾಲ್ಕು ವರ್ಷದ ಮಗು ಕೈಗಳಿಂದ ಬಾಯಿ ಮುಚ್ಚಿಕೊಂಡಿತ್ತು. ತಾನು ಎಣಿಸುತ್ತಿದ್ದೇನೆ ಎಂದು ಜೆನಿಶ್‌ಗೆ ತಿಳಿದದ್ದು ನಾಲ್ಕನೆಯದಕ್ಕೆ.

ಚಾವಟಿ ಅವನ ಕೈಗೆ ಹೇಗೆ ಬಂತೋ. ಮೊದಲ ಏಟು ಮುದುಕನ ಭುಜಕ್ಕೆ ಬಿತ್ತು. ಎರಡನೆಯದು ಮುಖಕ್ಕೆ; ಹುಬ್ಬು ಒಡೆಯಿತು. ಮುದುಕ ಬಿದ್ದ. ಟೋಪಿ ಉರುಳಿತು, ತಲೆ ಮಗುವಿನದರಷ್ಟೇ ಸಣ್ಣದಿತ್ತು. ಜೆನಿಶ್ ಚಾವಟಿ ತಿರುಗಿಸಿ ಹಿಡಿದು, ಮರದ ಹಿಡಿಯಿಂದ ಹೊಡೆದ. ಮೂಳೆಯ ಸದ್ದು ಕೇಳಿಸಿತು. ತೋಳಿನಲ್ಲಿ ಏನೋ ಸಡಿಲವಾದಂತೆ, ವರ್ಷಗಳ ಬಿಗಿತ ಇಳಿದಂತೆ ಹಾಯೆನಿಸಿತು. ಎಣಿಕೆ ತಪ್ಪಿತು.

"ಮಗನೇ," ಎಂದ ಮುದುಕ. "ಸಾಕು ಮಗನೇ."

ಜೆನಿಶ್ ನಿಂತ. ಅಂಗೈ, ಬೆರಳಸಂದು, ಶರ್ಟಿನ ತೋಳು ಎಲ್ಲ ರಕ್ತ.

"ಮಗೂನ ಎತ್ಕೋ," ಎಂದ ಬುರುಲ್‌ಗೆ. "ಹೊರಡೋಣ."

"ಎಲ್ಲಿಗೆ?"

ಕೇಂದ್ರದ ಖಾಲಿ ಹಾಸಿಗೆಯನ್ನು ಈಗ ಬಿಷ್ಕೆಕ್‌ನ ದೊಡ್ಡವರು ಮುಟ್ಟಿ ನೋಡುತ್ತಿರಬಹುದು.

ಅವಳು ಮಾವನ ತಲೆಯ ಕೆಳಗೆ ದಿಂಬು ಸರಿಸಿದಳು. ಒಳಕೋಣೆಗೆ ಹೋದಳು. ಬಂದಾಗ ಒಂದು ಕೈಯಲ್ಲಿ ಬಿಸಿನೀರಿನ ಹೂಜಿ, ಇನ್ನೊಂದರಲ್ಲಿ ತಗಡಿನ ಬೋಗುಣಿ, ಹೆಗಲ ಮೇಲೆ ಮಡಿಸಿದ ಟವೆಲ್. ಊಟಕ್ಕೆ ಮೊದಲು ಮನೆಯ ಗಂಡಸರಿಗೆ ಮಾಡುವ ಹಾಗೆ ಅವನ ಮುಂದೆ ಮಂಡಿಯೂರಿ, ಮುಖವೆತ್ತದೆ, ನೀರು ಸುರಿಯಲು ಕಾದಳು.

ಬೇಡವೆನ್ನಬೇಕೆಂದುಕೊಂಡ. ಕೈಗಳು ಅಷ್ಟರಲ್ಲೇ ಮುಂದೆ ಚಾಚಿದ್ದವು. ನೀರು ಹಿತವಾಗಿ ಬೆಚ್ಚಗಿತ್ತು. ಬೋಗುಣಿ ಕೆಂಪಾಗಿ ತುಂಬುತ್ತಿತ್ತು. ಅವಳು ಸುರಿಯುತ್ತಲೇ ಇದ್ದಳು.