ಹಳ್ಳದ ಮೇಲಿನವರು, ಕೆಳಗಿನವರು

ಮುದಿ ಗುಮಾಸ್ತರು ಮಗನ ಜೊತೆ ಊಟಕ್ಕೆ ಕೂತಿದ್ದರು. ಮಗ ಪುರಸಭೆಯ ಅಧ್ಯಕ್ಷ. ಅವನ ಮಾತೆಲ್ಲ ಬರುವ ಚುನಾವಣೆಯದೇ. ಈ ಸಲ ಎದುರಿಗೆ ನಿಂತವನು ಬೇರೆ ಯಾರೂ ಅಲ್ಲ, ಗುಮಾಸ್ತರ ಸ್ವಂತ ತಮ್ಮನ ಮಗ, ಶಾಲೆಯ ಮೇಷ್ಟ್ರು.

"ಕೆಳಗಿನವರು ಊರಾಳಿದ್ದುಂಟಾ? ಅವನ ಚುನಾವಣೆ ಅರ್ಜಿನೇ ತಳ್ಳಿಹಾಕಿಸ್ತೀನಿ" ಎಂದ ಮಗ.

ಗುಮಾಸ್ತರು ಎತ್ತಿದ ತುತ್ತನ್ನು ಎಲೆಗೇ ಇಳಿಸಿದರು. 'ಕೆಳಗಿನವರು' ಎಂಬ ಕುಲವನ್ನು ಹುಟ್ಟಿಸಿದ ಕೈ ಗುಮಾಸ್ತರದೇ. ಐವತ್ತು ವರ್ಷದ ಹಿಂದೆ ಪರದೇಶಿ ದೊರೆ ಜನಗಣತಿಗೆ ಬಂದಾಗ ಇವರು ಅವನ ದುಭಾಷಿ. ನಿಮ್ಮದು ಯಾವ ಕುಲ ಎಂದರೆ ಊರವರು ನಕ್ಕಿದ್ದರು. ಒಂದೇ ಮಾತು, ಒಂದೇ ಬಳಗ, ಹೆಣ್ಣು ಕೊಟ್ಟು ತಂದ ಸಂಬಂಧ. ದೊರೆಗೆ ಮಾತ್ರ ಎರಡು ಕಲಂ ತುಂಬಬೇಕಿತ್ತು. ಹಳ್ಳದ ಮೇಲೆ ಮನೆಯಿದ್ದವರು ಒಂದು ಕುಲ, ಕೆಳಗಿದ್ದವರು ಇನ್ನೊಂದು ಎಂದು ಬರೆಸಿದ. ಮೇಲಿನವರಿಗೆ ಕಚೇರಿ, ಪೊಲೀಸು; ಕೆಳಗಿನವರಿಗೆ ರಸ್ತೆ ಕೂಲಿ. ಹೊಸದಾಗಿ ಮದುವೆಯಾದ ತಮ್ಮ ಹಳ್ಳದ ಕೆಳಗೆ ಸಂಸಾರ ಹೂಡಿದ್ದ. ನೌಕರಿ ಹೋದೀತೆಂದು ಹೆದರಿ ಅಣ್ಣ ಅವನನ್ನೂ ಕೆಳಗೇ ಬರೆದರು. ದೊರೆ ಹಡಗು ಹತ್ತಿದ, ರಾಜ್ಯ ನಮ್ಮದಾಯಿತು. ಕುರ್ಚಿ ಮಾತ್ರ ಆ ಗಣತಿ ಪುಸ್ತಕ ತೋರಿಸಿದ ಮೇಲಿನವರ ಪಾಲಾಯಿತು.

ಮರುದಿನ ಮೇಷ್ಟ್ರೇ ಬಂದ. ನಡೆದದ್ದನ್ನು ನಾಲ್ಕು ಜನರೆದುರು ಹೇಳಿ, ಅಷ್ಟೇ ಸಾಕು ಎಂದು ಬೇಡಿಕೊಂಡ. ಬಾಯಿ ಬಿಟ್ಟರೆ ಮಗನ ಕುರ್ಚಿ, ಮುಚ್ಚಿದರೆ ತಮ್ಮನ ಮಾನ. ಗುಮಾಸ್ತರು ನೋಡೋಣ ಎಂದು ಸಾಗಹಾಕಿದರು.

ಅರ್ಜಿ ಬಿದ್ದುಹೋಯಿತು. ಕೆಳಗಿನ ಓಣಿಯವರು ಪುರಸಭೆಯೆದುರು ಕೂತರು. ಮೇಲಿನವರ ಪೊಲೀಸರು ಲಾಠಿ ಬೀಸಿದರು. ಮಗ ಮೇಷ್ಟ್ರನ್ನು ಉಳಿಸಲು ಅಡ್ಡ ಹೋದ ಮುದಿ ತಮ್ಮನ ತಲೆಗೆ ಏಟು ಬಿತ್ತು. ಮೂರನೇ ದಿನ ಪ್ರಾಣ ಹೋಯಿತು.

ಆಗ ಗುಮಾಸ್ತರಿಗೆ ಬಾಯಿ ಬಂತು. ಹಿರಿಯರ ಸಭೆಯಲ್ಲಿ ಎದ್ದು ನಿಂತು, "ಬರೆದೋನು ನಾನು. ನಾನೂ ನನ್ನ ತಮ್ಮನೂ ಒಂದೇ ಹೊಟ್ಟೇಲಿ ಹುಟ್ಟಿದವರು. ಆ ಎರಡು ಕುಲ ಸುಳ್ಳು" ಎಂದರು.

ಹಿರಿಯರಲ್ಲೊಬ್ಬರು ನಿಧಾನವಾಗಿ ಕೇಳಿದರು: "ಅದು ಸುಳ್ಳಾದ್ರೆ ಈಗ ನಾವು ಯಾರು?"

ಅಪ್ಪನಿಗೆ ಅರಳುಮರಳು, ಮನೆಗೆ ಕರೆದೊಯ್ಯಿರಿ ಎಂದ ಮಗ.

ಗುಮಾಸ್ತರು ಮನೆಗೆ ಹೋಗಲಿಲ್ಲ. ಕೋಲೂರಿಕೊಂಡು ಹಳ್ಳ ದಾಟಿ ತಮ್ಮನ ಬಾಗಿಲಿಗೆ ಬಂದು, ಇವತ್ತು ಎಲ್ಲರೆದುರು ಹೇಳಿಬಿಟ್ಟೆ ಎಂದರು.

ಮೇಷ್ಟ್ರು ರೇಗಲಿಲ್ಲ. "ಹೋದ ವಾರ ಹೇಳಿದ್ದಿದ್ರೆ ಅಪ್ಪನೂ ಕೇಳ್ತಿದ್ರು, ದೊಡ್ಡಪ್ಪ" ಎಂದ.

ತಮ್ಮನ ಹೆಂಡತಿ ಚಾಪೆ ಹಾಸಿದಳು. ಗುಮಾಸ್ತರು ಕುಳಿತರು. ಮಗನ ಕಾರು ಎರಡು ಸಲ ಕರೆಯಲು ಬಂತು, ಅವರು ಏಳಲಿಲ್ಲ.